ಗಿರಿಜಕ್ಕನ ಹಾವಿಗೆ ನಾನು ಮಾಡಿದ ಉಪಕಾರ

ಪಶುವೈದ್ಯರ ಕೆಲಸಕ್ಕೆ ಹೊಸದಾಗಿ ಸೇರುವವರು ನನ್ನನ್ನು ಕಂಡಾಗ ಕೇಳುವುದು ಎರಡೇ ಪ್ರಶ್ನೆ. ಯಾವ ತಾಲ್ಲೂಕಿನಲ್ಲಿ ಕೆಲಸ ಹಗುರ, ಯಾವ ಮೇಲಧಿಕಾರಿ ಸಾಧು. ನರಸಿಂಹರಾಜಪುರ, ಕೊಪ್ಪ, ಶೃಂಗೇರಿ ಬಿಟ್ಟು ನಾನು ಎಲ್ಲೂ ಕೆಲಸ ಮಾಡಿದವನಲ್ಲ. ವರ್ಗಾವಣೆಗಾಗಿ ಓಡಾಡುವ ಜಾಣತನ ನನಗಿರಲಿಲ್ಲ. ಬಡ್ತಿಯ ಕಥೆ ಬರೆಯಲು ಕೂತರೆ ಅರ್ಧ ಪುಟಕ್ಕೆ ಮುಗಿದುಹೋಗುತ್ತದೆ. ಮಾಡಿದ ತಪ್ಪುಗಳು ಮಾತ್ರ ಧಾರಾಳವಾಗಿವೆ, ಅವನ್ನೇ ಬರೆಯುತ್ತೇನೆ.

ಕಾಲೇಜಿನಲ್ಲಿ ದನದ ಹೊಟ್ಟೆಗೆ ನಾಲ್ಕು ಭಾಗ ಎಂದು ಕಲಿಸುತ್ತಾರೆ. ಆ ದನದ ಹಗ್ಗ ಹಿಡಿದು ನಿಂತ ಮನುಷ್ಯನ ಬಗ್ಗೆ ಒಂದು ಪಾಠವೂ ಇಲ್ಲ. ಕಾಯಿಲೆ ದನಕ್ಕೆ ಬಂದಿರುತ್ತದೆ, ಮಾತಾಡಬೇಕಾದದ್ದು ಅವನ ಹತ್ತಿರ. ನನ್ನ ಕೆಲಸದಲ್ಲಿ ಕೆಟ್ಟದ್ದೆಲ್ಲ ಕೆಟ್ಟದ್ದು ಅಲ್ಲೇ.

ಮೊದಲ ಪೋಸ್ಟಿಂಗ್ ನರಸಿಂಹರಾಜಪುರ. ಎಸ್ಟೇಟಿನಲ್ಲಿ ಕೆಲಸ ಮಾಡುವವನೊಬ್ಬ ನಾಲ್ಕು ದಿನದಿಂದ ಮೇವು ಬಿಟ್ಟ ದನವನ್ನು ಹೊಡೆದುಕೊಂಡು ಬಂದ. ಜ್ವರ ನೋಡಿದೆ, ಹೊಟ್ಟೆ ತಟ್ಟಿದೆ, ಬಾಯಿ ಬಿಡಿಸಿದೆ. ಏನೂ ಸಿಗಲಿಲ್ಲ. ಹೊಸ ಪ್ರಾಯದ ಪ್ರಾಮಾಣಿಕತೆಯಲ್ಲಿ, ಏನಾಗಿದೆಯೋ ಗೊತ್ತಾಗುತ್ತಿಲ್ಲ ಎಂದುಬಿಟ್ಟೆ. ಅವನು ಹಗ್ಗ ಬಿಚ್ಚಿಕೊಂಡು ಬರೆ ಹಾಕುವ ನಾಟಿವೈದ್ಯನ ಮನೆಗೆ ಹೋದ. ಮೂರನೇ ದಿನಕ್ಕೆ ದನ ಸತ್ತಿತು. ಕೊಯ್ದು ನೋಡಿದರೆ ಹೊಟ್ಟೆಯಿಂದ ಎದೆಯ ಕಡೆಗೆ ಚುಚ್ಚಿಕೊಂಡು ಹೋದ ಒಂದು ಗೇಣು ತಂತಿ.

ನನ್ನ ಹಿರಿಯ ಡಾಕ್ಟರು ತುಂಬುತೋಳಿನ ಅಂಗಿಯನ್ನು ಮೊಣಕೈ ಮೇಲಕ್ಕೆ ಮಡಚುತ್ತಾ ಆವತ್ತು ಹೇಳಿದ್ದು ನೆನಪಿದೆ. "ಗೊತ್ತಿಲ್ಲ ಅಂತ ಯಾವತ್ತೂ ಹೇಳ್ಬೇಡ ಮಾರಾಯ. ಎಂತಾದ್ರೂ ಒಂದು ಹೇಳು, ಎಂತಾದ್ರೂ ಒಂದು ಕೊಡು, ನಾಳೆ ಬಾ ಅನ್ನು. ನಾಳೆ ಅವ ಬಂದ್ರೆ ನಿಂಗೆ ಇನ್ನೊಂದು ದಿನ ಸಿಗ್ತದೆ." ಇದು ಕೆಟ್ಟ ಬುದ್ಧಿವಾದ ಎಂದು ನಾನು ಈಗಲೂ ಹೇಳುವುದಿಲ್ಲ. ಆ ಇನ್ನೊಂದು ದಿನದಲ್ಲಿ ಎಷ್ಟೋ ದನ ಉಳಿದಿವೆ. ಆದರೆ ಮೂವತ್ತು ವರ್ಷ ಹಾಗೆ ಹೇಳಿ ಹೇಳಿ, ನನಗೆ ಏನು ಗೊತ್ತು ಏನು ಗೊತ್ತಿಲ್ಲ ಎನ್ನುವುದೇ ನನಗೆ ಮರೆತುಹೋಗಿತ್ತು.

ಕೊಪ್ಪಕ್ಕೆ ಬರುವ ಹೊತ್ತಿಗೆ ಕೆಲಸದ ರೀತಿ ಬದಲಾಗುತ್ತಿತ್ತು. ಮೊದಲೆಲ್ಲ ಮೇಗುಂದದ ಕಡೆಯಿಂದ ಯಾರಾದರೂ ಬಸ್ಸು ಹತ್ತಿ ಬಂದು ಕರೆಯಬೇಕು, ನಾನು ಬೈಕಿನಲ್ಲಿ ಹೋಗಿ ಕೊಟ್ಟಿಗೆಯ ವಾಸನೆ ನೋಡಿಯೇ ಅರ್ಧ ಕಾಯಿಲೆ ಹೇಳಬೇಕು. ಆಮೇಲೆ ಸೆಗಣಿಯ ಫೋಟೊ ವಾಟ್ಸಾಪಿಗೆ ಬರತೊಡಗಿತು. ಊಟಕ್ಕೆ ಕೂತಾಗಲೇ ಬರುತ್ತಿತ್ತು ಎನ್ನುವುದು ನನ್ನ ಹೆಂಡತಿಯ ದೂರು. ಪ್ರಾಣಿಗಳೂ ಬದಲಾದವು. ದನ ಕಡಿಮೆಯಾಗಿ ನಾಯಿ, ಮೊಲ, ಬಣ್ಣದ ಗಿಳಿಗಳು ಬಂದವು. ಅವುಗಳ ಜೊತೆಗೆ ಹೊಸ ಪ್ರಶ್ನೆಗಳೂ ಬಂದವು. ದನಕ್ಕೆ ಬೇಸರವಾಗಿದೆಯಾ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಗಿಳಿಗೆ ಬೇಸರವಾಗಿದೆಯಾ ಎಂದು ಕೇಳುವವರು ಬಂದರು.

ಕಮ್ಮರಡಿಯ ಅಂಗಡಿಯವರೊಬ್ಬರು ಒಂದು ನಾಯಿ ತಂದಿದ್ದರು. ಮಗಳ ಕೆನ್ನೆಗೆ ಕಚ್ಚಿತ್ತು. ದಿನಾ ಅವಳು ತಬ್ಬಿಕೊಂಡರೆ ಸುಮ್ಮನೆ ಕೂರುತ್ತಿತ್ತು, ಅಷ್ಟು ಪ್ರೀತಿ ಇದ್ದದ್ದು ಇದ್ದಕ್ಕಿದ್ದಂತೆ ಯಾಕೆ ಹೀಗಾಯಿತು ಎಂದು ಅವರಿಗೆ ನೋವು. ನೋಡಿದರೆ ಕಿವಿಯೊಳಗೆ ಕೀವು ತುಂಬಿ ತಿಂಗಳಾಗಿತ್ತು. ತಬ್ಬಿದಾಗಲೆಲ್ಲ ಜೀವ ಹೋಗುವಷ್ಟು ನೋಯುತ್ತಿದ್ದಿರಬೇಕು. ಒಂದು ತಿಂಗಳು ಅದು ಸಹಿಸಿಕೊಂಡಿತ್ತು, ಇವರು ಅದನ್ನು ಪ್ರೀತಿ ಎಂದುಕೊಂಡಿದ್ದರು. ಕಿವಿ ತೊಳೆದು ಔಷಧಿ ಕೊಟ್ಟು ಕಳಿಸಿದೆ. ಅದರಿಂದ ಕಲಿಯಬೇಕಾದದ್ದನ್ನು ನಾನು ಕಲಿಯಲಿಲ್ಲ.

ಕೊನೆಯ ವರ್ಷಗಳು ಶೃಂಗೇರಿಯಲ್ಲಿ. ಅಲ್ಲಿ ನನ್ನ ಜೊತೆಗಿದ್ದವನು ಅಟೆಂಡರ್ ಚಂದ್ರಪ್ಪ. ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವನು, ಬಾಯಿಯಲ್ಲಿ ನನಗಿಂತ ಹಿರಿಯ. ಒಂದು ಮಧ್ಯಾಹ್ನ ಅವನು ಔಷಧಿ ಕೋಣೆಯಿಂದ ಹಾರಿ ಅಂಗಳಕ್ಕೆ ಬಿದ್ದು, ಕೊಳಕುಮಂಡಲ ಹಾವು ತಂದಿದ್ದಾಳೆ ಸಾರ್ ಎಂದ. ಬಾಗಿಲಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಹಳೇ ಬೆಡ್‌ಶೀಟು ಸುತ್ತಿದ ಪ್ಲಾಸ್ಟಿಕ್ ಡಬ್ಬಿ ಹಿಡಿದು ನಿಂತಿದ್ದಳು. ಅದೇ ಗಿರಿಜಕ್ಕ.

ಗಿರಿಜಕ್ಕನನ್ನು ಶೃಂಗೇರಿಯ ಸುಮಾರು ಮನೆಗಳಿಗೆ ಗೊತ್ತು. ಬಾಣಂತಿ ಮನೆಗೆ ಹೋಗಿ ಕೂಸಿಗೆ ಎಣ್ಣೆ ತಿಕ್ಕಿ ನೀರು ಹಾಕುವುದು ಅವಳ ಕೆಲಸ. ಕಾಲು ನೀಡಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿ, ಬೆಚ್ಚಗಿನ ಕೊಬ್ಬರಿ ಎಣ್ಣೆಯಲ್ಲಿ ನೆತ್ತಿಯಿಂದ ಪಾದದವರೆಗೆ ನೀವುತ್ತಾಳೆ. ಅವಳ ಕೈಯಲ್ಲಿ ಮಿಂದ ಕೂಸು ಮಧ್ಯಾಹ್ನದವರೆಗೆ ಏಳುವುದಿಲ್ಲ ಎಂದು ಹೆಸರಿತ್ತು. ಆಮೇಲೆ ಅವಳ ಎರಡೂ ಕೈಗೆ ಸೋರಿಯಾಸಿಸ್ ಬಂತು. ಅಂಗೈ ಬಿರಿದು ಬಿಳಿ ಹೊಟ್ಟು ಏಳತೊಡಗಿತು. ಅದು ಅಂಟುವ ಕಾಯಿಲೆಯಲ್ಲ, ಡಾಕ್ಟರು ಹಾಗಂತ ಚೀಟಿಯನ್ನೇ ಬರೆದುಕೊಟ್ಟಿದ್ದರು. ಚೀಟಿ ನೋಡಿ ಕೂಸು ಕೊಡುವ ತಾಯಿ ಎಲ್ಲಿದ್ದಾಳೆ? ಒಂದೊಂದೇ ಮನೆ ನಿಂತಿತು. ಗಿರಿಜಕ್ಕ ಯಾತ್ರಿಕರ ಲಾಡ್ಜೊಂದರಲ್ಲಿ ಹೊದಿಕೆ ಒಗೆಯುವ ಕೆಲಸಕ್ಕೆ ಸೇರಿದಳು. ಸೋಪಿನ ನೀರಿಗೆ ಕೈ ಇನ್ನಷ್ಟು ಕೆಟ್ಟಿತು.

ಹಾವು ಸಿಕ್ಕಿದ್ದು ಆ ಲಾಡ್ಜಿನಲ್ಲೇ. ರೂಮು ಖಾಲಿ ಮಾಡಿದವರು ಮಂಚದ ಕೆಳಗೆ ಡಬ್ಬಿ ಬಿಟ್ಟುಹೋಗಿದ್ದರು, ಕೊಟ್ಟ ಫೋನ್ ನಂಬರು ಸುಳ್ಳು. ಒಳಗೆ ಬಾಲ್ ಪೈಥಾನ್ ಎನ್ನುವ ಆಫ್ರಿಕಾದ ಚಿಕ್ಕ ಜಾತಿಯ ಹೆಬ್ಬಾವು. ವಿಷವಿಲ್ಲ, ಮೂರೂವರೆ ಅಡಿ ಉದ್ದ, ಹೆದರಿದರೆ ತಲೆಯನ್ನು ಒಳಗೆ ಹುದುಗಿಸಿ ಉಂಡೆಯಾಗುತ್ತದೆ. ಫಾರೆಸ್ಟ್ ಗಾರ್ಡ್ ಬಂದು ನೋಡಿ, ಇದು ನಮ್ಮ ಕಾಡಿನದಲ್ಲ, ಕಾಡಿಗೆ ಬಿಟ್ಟರೆ ತಪ್ಪಾಗುತ್ತದೆ, ಮೇಲಕ್ಕೆ ಬರೆಯುತ್ತೇನೆ, ಉತ್ತರ ಬರುವವರೆಗೆ ಯಾರಾದರೂ ಇಟ್ಟುಕೊಳ್ಳಿ ಎಂದ. ಮುಟ್ಟಲು ಧೈರ್ಯವಿದ್ದದ್ದು ಗಿರಿಜಕ್ಕನಿಗೆ ಮಾತ್ರ. ಉತ್ತರ ಇವತ್ತಿಗೂ ಬಂದಿಲ್ಲ.

ಈಗ ಒಂದು ಮಾತು ಒಪ್ಪಿಕೊಳ್ಳಬೇಕು. ಅವಳು ಡಬ್ಬಿ ಚಾಚಿದಾಗ ಅದರ ಮೇಲೆ ಅವಳ ಬೆರಳು ತಾಗದ ಜಾಗ ನೋಡಿ ನಾನು ಹಿಡಿದುಕೊಂಡೆ. ಚೀಟಿ ಬರೆದ ಡಾಕ್ಟರಿಗೆ ಗೊತ್ತಿದ್ದಷ್ಟೇ ನನಗೂ ಗೊತ್ತಿತ್ತು ಅದು ಅಂಟುವುದಿಲ್ಲವೆಂದು. ಆದರೂ ಕೈ ಹಾಗೆ ಹೋಯಿತು. ಗಿರಿಜಕ್ಕ ಅದನ್ನು ನೋಡಿದಳು, ನೋಡದ ಹಾಗೆ ಮುಚ್ಚಳ ತೆಗೆದಳು.

ಹಾವಿಗೆ ಕಾಯಿಲೆ ಏನೂ ಇರಲಿಲ್ಲ. ಲಾಡ್ಜಿನ ಉಗ್ರಾಣದಲ್ಲಿ ಬೋನಿಗೆ ಬಿದ್ದ ಇಲಿ ಕೊಡುತ್ತಾಳೆ, ವಾರಕ್ಕೊಂದು. ಮಳೆಗಾಲದ ಥಂಡಿಗೆಂದು ಡಬ್ಬಿಯನ್ನು ಬಚ್ಚಲ ಒಲೆಯ ಗೋಡೆಗೆ ತಾಗಿಸಿ ಇಡುತ್ತಾಳೆ. ಎಲ್ಲ ಕೇಳಿ, ಹಾಗಾದರೆ ಬಂದದ್ದು ಯಾಕೆ ಎಂದೆ. ಅವಳು ಹಾವನ್ನು ಎತ್ತಿಕೊಂಡಳು. ಅದು ನಿಧಾನಕ್ಕೆ ಮೊಣಕೈಯಿಂದ ಕೆಳಗಿಳಿದು ಮಣಿಕಟ್ಟಿಗೆ ಎರಡು ಸುತ್ತು ಹಾಕಿ, ಬಿರಿದ ಅಂಗೈ ಮೇಲೆ ತಲೆಯಿಟ್ಟು ನಿಂತಿತು.

"ಇಲಿ ನುಂಗಿದ ಮೇಲೆ ಕೂಸಿನ ಹಾಗೆ ಕಾಲ ಮೇಲೆ ಹಾಕ್ಕೊಂಡು ಎಣ್ಣೆ ನೀವ್ತೇನೆ ಡಾಕ್ಟ್ರೇ. ಹೊಟ್ಟೆ ಕೆಳಗೆ ಇಳೀಲಿ ಅಂತ. ಅಲ್ಲಾಡದೆ ಮಲಗಿರ್ತದೆ. ಕಣ್ಣು ಮುಚ್ಚೂದಿಲ್ಲ ನೋಡಿ ಇದು, ಹಂಗಾಗಿ ಗೊತ್ತಾಗೂದಿಲ್ಲ. ನಾನು ಮುಟ್ಟಿದ್ರೆ ಇದಕ್ಕೆ ಸುಖ ಆಗ್ತದಾ?"

ಹಾವಿನ ಬಗ್ಗೆ ನಾನು ಕಾಲೇಜಿನಲ್ಲಿ ಓದಿದ್ದು ಕಡಿತಕ್ಕೆ ಚಿಕಿತ್ಸೆ ಮಾತ್ರ. ಹಾವು ಏನನ್ನು ಇಷ್ಟಪಡುತ್ತದೆ ಎಂದು ನಾನು ಯೋಚಿಸಿದವನೇ ಅಲ್ಲ. ಆದರೆ ಎದುರಿಗೆ ನಿಂತವಳು ಕೇಳುತ್ತಿದ್ದದ್ದು ಹಾವಿನ ವಿಷಯವನ್ನಷ್ಟೇ ಅಲ್ಲ ಎನ್ನುವುದು ದನದ ಡಾಕ್ಟರಿಗೂ ತಿಳಿಯುವಂತಿತ್ತು. ಐದು ನಿಮಿಷದ ಹಿಂದೆ ನಾನು ಡಬ್ಬಿ ಹಿಡಿದ ರೀತಿಯೂ ನೆನಪಿತ್ತು.

"ಆಗದೆ ಎಂತ ಗಿರಿಜಕ್ಕ? ಇಷ್ಟ ಇಲ್ಲದಿದ್ರೆ ಹೀಗೆ ಸುತ್ತಿಕೊಳ್ತಿತ್ತಾ? ದಿನಾ ಮುಟ್ಟಿ, ನೀವಿ. ನಿಮ್ಮ ಕೈ ಅದಕ್ಕೆ ಗುರ್ತ ಆಗಿದೆ."

ಅವಳ ಮುಖ ಅರಳಿದ್ದನ್ನು ಬರೆಯಲು ನನಗೆ ಇವತ್ತು ಕಷ್ಟವಾಗುತ್ತದೆ. ಹಾವನ್ನು ಕೆನ್ನೆಗೆ ತಾಗಿಸಿಕೊಂಡು ಹೋದಳು. ಹಾವಿಗೆ ಇಷ್ಟ ಎಂದು ನಿಮಗೆ ಹೇಗೆ ಗೊತ್ತಾಯಿತು ಸಾರ್ ಎಂದು ಚಂದ್ರಪ್ಪ ಕೇಳಿದ. ಸಾಲಿನಲ್ಲಿ ನಿಂತ ಕರುವನ್ನು ಒಳಗೆ ತಾ ಎಂದೆ.

ಆರು ವಾರಕ್ಕೆ ಗಿರಿಜಕ್ಕ ಮತ್ತೆ ಬಂದಳು. ನುಂಗಿದ ಇಲಿಯನ್ನು ಹಾವು ಮೂರು ಸಲ ಕಕ್ಕಿತ್ತು. ಹುಳದ ಬಾಧೆ ಇರಬಹುದು ಎಂದು, ಎಳೆಗರುವಿಗೆ ಕೊಡುವ ಔಷಧಿಯನ್ನು ತೂಕಕ್ಕೆ ಅಂದಾಜು ಮಾಡಿ ಕೊಟ್ಟೆ. ಮತ್ತೆ ಕಕ್ಕಿತು. ಬಿ ಕಾಂಪ್ಲೆಕ್ಸ್ ಕೊಟ್ಟೆ. ಬೆನ್ನುಮೂಳೆ ಎದ್ದು ಕಾಣತೊಡಗಿತು. ಹೊಟ್ಟೆಯಡಿಯ ಹುರುಪೆಗಳಲ್ಲಿ ಎಣ್ಣೆಯ ಜಿಡ್ಡಿಗೆ ಕೊಳೆ ಹಿಡಿದು ಕೆಂಪು ಮಚ್ಚೆಗಳೆದ್ದವು. ಪೊರೆ ಪೂರ್ತಿ ಕಳಚದೆ ತುಂಡು ತುಂಡಾಗಿ ಅಂಟಿಕೊಂಡಿತು. ಕಾಯಿಲೆ ಜಾಸ್ತಿಯಾದಷ್ಟೂ ಅವಳು ಹೆಚ್ಚು ಹೊತ್ತು ನೀವುತ್ತಿದ್ದಳು, ಬೆಳಿಗ್ಗೆ ಒಮ್ಮೆ, ಒಗೆಯುವ ಕೆಲಸ ಮುಗಿಸಿ ಬಂದು ಒಮ್ಮೆ. ಹುಷಾರಿಲ್ಲದ ಕೂಸನ್ನು ಕೆಳಗೆ ಬಿಡಬಾರದು ಎನ್ನುವುದು ಅವಳ ತಿಳಿವಳಿಕೆ. ಹಾಗೇ ಮಾಡಿ ಎಂದು ನಾನೂ ಹೇಳುತ್ತಿದ್ದೆ.

ಕೊನೆಗೆ ಸಂಕೋಚ ಬಿಟ್ಟು ನನ್ನ ಸಹಪಾಠಿ ಪ್ರಸನ್ನನಿಗೆ ಫೋನ್ ಮಾಡಿದೆ. ಅವನು ದೂರದ ಒಂದು ಮೃಗಾಲಯದಲ್ಲಿ ಸರೀಸೃಪಗಳನ್ನೇ ನೋಡಿಕೊಂಡು ಬಂದವನು. ಫೋಟೊ ಬೇಡ, ವಿಡಿಯೊ ಕಳಿಸು ಎಂದ. ಗಿರಿಜಕ್ಕ ಕಾಲು ನೀಡಿ ಕೂತು ಹಾವಿಗೆ ಎಣ್ಣೆ ಹಚ್ಚುವ ವಿಡಿಯೊವನ್ನು ಚಂದ್ರಪ್ಪನಿಂದ ತೆಗೆಸಿ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು.

"ಮೊದಲು ಆ ಹೆಂಗಸಿಗೆ ಮುಟ್ಟೋದನ್ನ ನಿಲ್ಲಿಸು ಅಂತ ಹೇಳು," ಎಂದ ಪ್ರಸನ್ನ. "ಯಾರು ಹೇಳಿದ್ದು ಅವಳಿಗೆ ಹೀಗೆ ಮಾಡು ಅಂತ?"

ಯಾರೋ ಹೇಳಿದ್ದಾರೆ ಎಂದೆ.

ಅವನು ವಿವರಿಸಿದ. ಹಾವು ತಿಂದ ಮೇಲೆ ಎರಡು ದಿನವಾದರೂ ಅದನ್ನು ಮುಟ್ಟಬಾರದು, ಗಾಬರಿಯಾದರೆ ಕಕ್ಕಿಬಿಡುತ್ತದೆ. ವಿಡಿಯೊದಲ್ಲಿ ಅದು ಅಲ್ಲಾಡದೆ ಮಲಗಿರುವುದು ನೆಮ್ಮದಿಯಿಂದಲ್ಲ, ತಪ್ಪಿಸಿಕೊಳ್ಳಲು ದಾರಿಯಿಲ್ಲದೆ. ಮಧ್ಯೆ ಮಧ್ಯೆ ಅವಳ ತೊಡೆಯ ಸಂದಿಗೆ ತಲೆ ಹುದುಗಿಸುತ್ತದಲ್ಲ, ಅದು ಅಡಗಲು ಹುಡುಕುವುದು. ಮಣಿಕಟ್ಟಿಗೆ ಸುತ್ತಿಕೊಳ್ಳುವುದು ಬೀಳುವ ಹೆದರಿಕೆಗೆ, ಮತ್ತೆ ಅಲ್ಲಿ ಬೆಚ್ಚಗಿರುತ್ತದೆ ಎಂದು. ಹಾಗಾದರೆ ಸಾಕಿದ ಹಾವಿಗೆ ಮನುಷ್ಯರ ಕೈ ಇಷ್ಟವೇ ಆಗುವುದಿಲ್ಲವಾ ಎಂದು ಕೇಳಿದೆ. ನಿಧಾನವಾಗಿ, ಸ್ವಲ್ಪ ಹೊತ್ತು ಹಿಡಿದರೆ ಅಭ್ಯಾಸವಾಗುತ್ತದೆ, ಹೆದರಿಕೆ ಹೋಗುತ್ತದೆ, ಅದಕ್ಕಿಂತ ಹೆಚ್ಚಿನದು ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಇಷ್ಟು ವರ್ಷವಾದರೂ ಗೊತ್ತಿಲ್ಲ ಎಂದ. ಅಷ್ಟು ಸಲೀಸಾಗಿ ಅವನು ಆ ಮಾತು ಹೇಳಿದ್ದು ಕೇಳಿ ನನಗೆ ಹೊಟ್ಟೆಕಿಚ್ಚಾಯಿತು.

ಹಾವು ಬಹಳ ದಿನ ಉಳಿಯುವ ಸ್ಥಿತಿಯಲ್ಲಿರಲಿಲ್ಲ. ಹೇಳದಿದ್ದರೆ ಅವಳ ಕೈಯಲ್ಲೇ ಸಾಯುತ್ತದೆ. ಹೇಳಿದರೆ ಆ ಕೈ ಮತ್ತೆ ಖಾಲಿ. ನಾನು ಎರಡು ದಿನ ತಡಮಾಡಿ ಮೂರನೇ ದಿನ ಅವಳಿರುವಲ್ಲಿಗೆ ಹೋದೆ. ಅಣ್ಣನ ಮನೆಯ ಹಿಂದೆ ಒಂದು ಕೋಣೆ, ಅವಳ ತಟ್ಟೆ ಲೋಟ ಬೇರೆಯಾಗಿ ಒಂದು ಹಲಗೆ ಮೇಲೆ. ಡಬ್ಬಿ ಬಚ್ಚಲಲ್ಲಿರಲಿಲ್ಲ. ಹಾವು ಅವಳ ಮಡಿಲಲ್ಲಿತ್ತು.

ಪ್ರಸನ್ನ ಹೇಳಿದ್ದನ್ನು ಸುತ್ತಿ ಬಳಸಿ ಹೇಳಿದೆ. ನನ್ನ ಮಾತು ಮುಗಿಯುವ ಮೊದಲೇ ಗಿರಿಜಕ್ಕ ಹಾವನ್ನು ಎರಡೂ ಕೈಯಲ್ಲಿ ಎತ್ತಿ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದಳು. ಕೈಯಲ್ಲಿದ್ದ ಎಣ್ಣೆಯನ್ನು ಸೆರಗಿಗೆ ಒರೆಸಿಕೊಂಡಳು.

"ಒಂದು ದಿನಾನೂ ಇಷ್ಟ ಆಗ್ಲಿಲ್ವಾ ಅದಕ್ಕೆ?"

"ಬೆಚ್ಚಗೆ ಇತ್ತು ಗಿರಿಜಕ್ಕ. ಅದಂತೂ ಹೌದು."

"ಬೆಚ್ಚಗೆ ಅಂದ್ರೆ ಬಚ್ಚಲ ಗೋಡೆನೂ ಬೆಚ್ಚಗಿರ್ತದೆ," ಎಂದಳು.

ತಪ್ಪು ನನ್ನದು, ಆವತ್ತು ಗೊತ್ತಿಲ್ಲದೆ ಹೇಳಿದೆ ಎಂದೂ ಹೇಳಿದೆ. ನೀವೆಂತ ಬೇಕಂತ ಹೇಳಿದ್ರಾ ಎಂದು ಅವಳೇ ನನ್ನನ್ನು ಸಮಾಧಾನ ಮಾಡಿದಳು. ಕಾಫಿ ಕುಡಿಯಿರಿ ಎನ್ನಲಿಲ್ಲ. ಕೈ ಹೀಗಾದ ಮೇಲೆ ಅವಳು ಯಾರಿಗೂ ಹಾಗೆ ಹೇಳುತ್ತಿರಲಿಲ್ಲವೆಂದು ಕಾಣುತ್ತದೆ.

ಪ್ರಸನ್ನ ಹೇಳಿದ ಹಾಗೆ ಚಂದ್ರಪ್ಪನೂ ನಾನೂ ದೊಡ್ಡ ಪೆಟ್ಟಿಗೆ ಮಾಡಿಸಿದೆವು. ಒಂದು ಬದಿಗೆ ಬಿಸಿ ಕೊಡುವ ಪ್ಯಾಡು, ಅಡಗಲು ಮಗುಚಿಟ್ಟ ಮಡಕೆಯ ತುಂಡು, ಒಂದು ಬೋಗುಣಿ ನೀರು. ಹುರುಪೆಗೆ ಮುಲಾಮು ಹಚ್ಚುವಷ್ಟು ದಿನ ನಾನೇ ಹೋಗಿ ಹಚ್ಚಿದೆ. ಮೂರು ವಾರ ಬಿಟ್ಟು ಚಿಕ್ಕ ಇಲಿಯೊಂದನ್ನು ಕೊಟ್ಟೆವು. ಕಕ್ಕಲಿಲ್ಲ. ಮುಂದಿನದನ್ನೂ ಕಕ್ಕಲಿಲ್ಲ. ಎರಡನೇ ತಿಂಗಳಿಗೆ ಪೊರೆಯನ್ನು ತಲೆಯಿಂದ ಬಾಲದವರೆಗೆ ಒಂದೇ ತುಂಡಾಗಿ ಬಿಟ್ಟಿತು. ನನ್ನ ಕೊನೆಯ ವರ್ಷದಲ್ಲಿ ನಾನು ಉಳಿಸಿದೆ ಎಂದು ಹೇಳಿಕೊಳ್ಳಬಹುದಾದ ಪ್ರಾಣಿ ಅದು. ಇಲಾಖೆಯವರು ಬೀಳ್ಕೊಡುಗೆಯಲ್ಲಿ ಅದನ್ನೇ ಹೇಳಿ ಚಪ್ಪಾಳೆ ತಟ್ಟಿಸಿದರು. ನನಗೆ ತಲೆ ಎತ್ತಲಾಗಲಿಲ್ಲ.

ನಿವೃತ್ತಿಯ ನಂತರವೂ ತಿಂಗಳಿಗೊಮ್ಮೆ, ಈಗ ನನ್ನ ಮನೆಯಿರುವ ಕೊಪ್ಪದಿಂದ ಬಸ್ಸಿನಲ್ಲಿ ಹೋಗಿ ಹಾವಿನ ತೂಕ ನೋಡಿ ಬರುತ್ತೇನೆ. ಗಿರಿಜಕ್ಕ ಪೆಟ್ಟಿಗೆ ಚೊಕ್ಕಟವಾಗಿಟ್ಟಿರುತ್ತಾಳೆ. ಇಲಿಯನ್ನು ಇಕ್ಕಳದಲ್ಲಿ ಕೊಡುತ್ತಾಳೆ, ನೀರಿನ ಬೋಗುಣಿ ಎತ್ತುವಾಗಲೂ ಹಾವಿಗೆ ಕೈ ತಾಗದ ಹಾಗೆ ಎತ್ತುತ್ತಾಳೆ. ತಕ್ಕಡಿಗೆ ಹಾಕುವುದಕ್ಕೆ ಹಾವನ್ನು ನಾನೇ ಎತ್ತಬೇಕು. ಅವಳು ಗೋಡೆಗೆ ಒರಗಿ, ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನೋಡುತ್ತಾಳೆ. ಹಾವು ಈಗ ದಪ್ಪವಾಗಿ, ಮೈಯೆಲ್ಲ ಮಿರುಗುತ್ತಾ, ನೋಡಲು ಚಂದವಿದೆ. ಅವಳು ಮುಟ್ಟುವುದನ್ನು ಬಿಟ್ಟದ್ದಕ್ಕೇ ಹೀಗಾಗಿದೆ ಎನ್ನುವುದು ನಾವಿಬ್ಬರೂ ಎತ್ತದ ಮಾತು.

ಹೋದ ತಿಂಗಳು ನಾನು ಸ್ವಲ್ಪ ಉತ್ಸಾಹದಲ್ಲೇ ಹೋಗಿದ್ದೆ. ಹಾವು ಪೂರ್ತಿ ಗುಣವಾಗಿದೆ, ತಿಂದ ಮೇಲಿನ ಎರಡು ದಿನ ಬಿಟ್ಟು ವಾರಕ್ಕೊಂದೆರಡು ಸಲ ಹತ್ತು ನಿಮಿಷ ಕೈಯಲ್ಲಿ ಹಿಡಿದುಕೊಂಡರೆ ತೊಂದರೆಯಿಲ್ಲ ಎಂದು ಪ್ರಸನ್ನ ಹೇಳಿದ್ದ. ಅದನ್ನು ಹೇಳಿ, ಹಾವನ್ನು ಅವಳ ಕಡೆಗೆ ಚಾಚಿದೆ. ಗಿರಿಜಕ್ಕ ಕೈ ಹೊರಗೆ ತೆಗೆಯಲಿಲ್ಲ.

"ಬೇಡ ಡಾಕ್ಟ್ರೇ. ಅದು ಅಡಗಲಿಕ್ಕೆ ಜಾಗ ಹುಡುಕೂದು, ನಾನು ಮುದ್ದು ಅಂದ್ಕೊಳ್ಳೂದು. ಬೇಡ."

ಆಮೇಲೆ ಹಾವಿನ ಕಡೆ ನೋಡುತ್ತಲೇ ಹೇಳಿದಳು.

"ಕೂಸುಗಳೂ ಅಳ್ತಿದ್ವು. ಎಣ್ಣೆ ತಿಕ್ಕುವಾಗ ಗಟ್ಟಿಯಾಗಿ ಅಳ್ತಿದ್ವು. ಸುಖಕ್ಕೆ ಅಳೂದು ಅಂತ ನಾನೇ ತಾಯಂದ್ರಿಗೆ ಹೇಳ್ತಿದ್ದೆ. ಆಮೇಲೆ ಮಧ್ಯಾಹ್ನದವರೆಗೂ ನಿದ್ದೆ ಹೋಗ್ತಿದ್ವಲ್ಲ, ಅದು ಅತ್ತು ಸುಸ್ತಾಗಿ ಇರ್ಬೇಕು."

ಅವಳ ಇಪ್ಪತ್ತೈದು ವರ್ಷದ ಕೆಲಸವನ್ನು ಅವಳು ಒಬ್ಬಳೇ ಕೂತು ಹೀಗೆ ಮೊದಲಿನಿಂದ ತೂಗಿ ನೋಡುತ್ತಿದ್ದಾಳೆ ಎನ್ನುವುದು ನನಗೆ ಹೊಳೆದಿರಲೇ ಇಲ್ಲ.

"ಛೆ, ಹಾಗೆಲ್ಲ ಇಲ್ಲ," ಎಂದೆ. "ಕೂಸಿನ ವಿಷಯ ಬೇರೆ ಗಿರಿಜಕ್ಕ. ಕೂಸಿಗೆ ನಿಮ್ಮ ಕೈ ಖಂಡಿತ ಇಷ್ಟ ಆಗ್ತಿತ್ತು."

"ಹಾವಿಗೂ ಇಷ್ಟ ಅಂದಿದ್ರಿ ನೀವು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಹಾವನ್ನು ಪೆಟ್ಟಿಗೆಗೆ ಬಿಟ್ಟು, ತೂಕವನ್ನು ಚೀಟಿಯಲ್ಲಿ ಬರೆದೆ. ಕೊಪ್ಪದ ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಎದ್ದೆ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.